ರಾಯಚೂರಿನಿಂದ ರಕ್ಕಸತಂಗಡಿಗೆ: ಸಿವೆಲ್ ಎಳೆದ ನೇರ ಗೆರೆ

ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’ ಗ್ರಂಥವು ವಿಜಯನಗರದ ಅಧ್ಯಯನಕ್ಕೆ ಹಾಕಿಕೊಟ್ಟ ತಳಹದಿಯ ಬಗ್ಗೆ ಎರಡು ಮಾತಿಲ್ಲ. ಆದರೆ 1520ರ ರಾಯಚೂರು ಯುದ್ಧದಿಂದ ದಖನ್ನಿನ ಸುಲ್ತಾನರು ವಿಜಯನಗರವನ್ನು ಸೋಲಿಸಿದ 1565ರ ರಕ್ಕಸತಂಗಡಿ ಯುದ್ಧದವರೆಗೆ ಅದು ಎಳೆದ ಗೆರೆಗೆ ದೊರೆತಿರುವ ಮನ್ನಣೆ ಅರ್ಹತೆಯನ್ನು ಮೀರಿದ್ದು. ರಾಯಚೂರಿನ ಗೆಲುವು ವಿಜಯನಗರದ ಗರ್ವವನ್ನು ಹೆಚ್ಚಿಸಿತು, ಆ ಗರ್ವವೇ ದಖನ್ನಿನ ಸುಲ್ತಾನರನ್ನು ಒಗ್ಗೂಡಿಸಿತು ಎಂಬುದು ಆ ವಾದದ ತಿರುಳು.

ಈ ವಾದವನ್ನು ಅಲುಗಾಡಿಸುವ ಸಾಕ್ಷ್ಯ ಅದೇ ಗ್ರಂಥದಲ್ಲಿ ಅನುವಾದಗೊಂಡಿರುವ, ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್‌ನ ಕಥನದಲ್ಲಿದೆ. ರಾಯಚೂರು ಕೋಟೆ ವಿಜಯನಗರದ ಅರಸ ಕೃಷ್ಣದೇವರಾಯನ ವಶವಾದ ಮೇಲೆ ದಖನ್ನಿನ ಇತರ ಅರಸರು ದೂತರನ್ನು ಕಳುಹಿಸಿ, ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ಪಡೆದದ್ದನ್ನು ಹಿಂದಿರುಗಿಸದಿದ್ದರೆ ತಾವೆಲ್ಲ ಅವನ ಬೆಂಬಲಕ್ಕೆ ನಿಲ್ಲುವುದಾಗಿ ಎಚ್ಚರಿಸುತ್ತಾರೆ. ನ್ಯಾಯವಾಗಿ ಪಡೆದದ್ದನ್ನು ಕೊಡಲಾಗದು, ಬರುವ ಶ್ರಮವೂ ಬೇಡ, ತಾನೇ ಹುಡುಕಿಕೊಂಡು ಬರುವೆನೆಂದು ರಾಯನು ಉತ್ತರಿಸುತ್ತಾನೆ. ಈ ಉತ್ತರದ ಬಿರುಸು ಯಾರ ಗಮನವನ್ನೂ ಸೆಳೆಯುತ್ತದೆ. ಆದರೆ ಗಮನಿಸಬೇಕಾದದ್ದು ಆ ಎಚ್ಚರಿಕೆಯ ಬಡತನ: ಯಾರು ಎಷ್ಟು ಸೇನೆ ತರುವರು, ಗೆದ್ದ ನೆಲ ಯಾರಿಗೆ, ಖರ್ಚು ಯಾರದು ಎಂಬ ಯಾವ ಒಪ್ಪಂದವೂ ಅದರ ಹಿಂದೆ ಕಾಣುವುದಿಲ್ಲ, ಮುಂದೆ ರಾಯನು ವಿಜಾಪುರದವರೆಗೆ ನಡೆದಾಗ ಆ ಅರಸರ ಪಡೆ ಅಡ್ಡ ಬಂದ ಮಾತೂ ಅಲ್ಲಿಲ್ಲ. ಕಾರಣ ಸರಳವಾದದ್ದು, ಕೃಷ್ಣೆಯ ಕಡೆಯ ದೇವದುರ್ಗದಿಂದ ತುಂಗಭದ್ರೆಯ ಕಡೆಯ ಮಾನ್ವಿಯವರೆಗಿನ ಎಡೆದೊರೆ, ಎಂದರೆ ಎರಡು ಹೊಳೆಗಳ ನಡುವಿನ ನೆಲ, ವಿಜಾಪುರಕ್ಕೆ ಮರಳಿದರೆ ಬಲಿಯುವುದು ವಿಜಾಪುರವೇ ಹೊರತು ಇನ್ನೊಬ್ಬ ಸುಲ್ತಾನನ ಅಹಮದನಗರವಲ್ಲ.

ಅಪಮಾನವೇ ಒಗ್ಗಟ್ಟಿನ ಬೀಜವಾಗಿದ್ದರೆ ನಡುವಿನ 45 ವರ್ಷಗಳು ಹಾಗೆ ಸಾಗುತ್ತಿರಲಿಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ್ ಪಟ್ಟವೇರುವ ಮೊದಲು ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದನು. 1558ರಲ್ಲಿ ವಿಜಾಪುರದ ಅಲಿ ಆದಿಲ್ ಶಾಹ್ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನ ನೆರವಿನಿಂದಲೇ ಅಹಮದನಗರದ ಮೇಲೆ ದಂಡೆತ್ತಿದನು. 1565ರ ಮೈತ್ರಿ ಕೂಡಿದ್ದು ಅಹಮದನಗರದ ಹುಸೇನ್ ನಿಜಾಮ್ ಶಾಹನ ಮಗಳು ಚಾಂದಬೀಬಿ ಸೊಲ್ಲಾಪುರದ ಕೋಟೆಯ ಬಳುವಳಿಯೊಂದಿಗೆ ವಿಜಾಪುರಕ್ಕೆ ಸೊಸೆಯಾಗಿ ಬಂದು, ಅಲಿಯ ತಂಗಿ ಹುಸೇನನ ಮಗ ಮುರ್ತಜಾನನ್ನು ವರಿಸಿದ ಮೇಲೆ. ಆಗಲೂ ದಖನ್ನಿನ ಇನ್ನೊಂದು ಸುಲ್ತಾನ ರಾಜ್ಯವಾದ ಬೀರಾರ್ ಹೊರಗೇ ಉಳಿಯಿತು.

ಇಲ್ಲಿ ಎರಡು ಬಗೆಯ ವಿಮರ್ಶಕರೊಡನೆ ಜಗಳವಾಡಲೇಬೇಕು. ದಖನ್ನಿನ ಇತಿಹಾಸಕಾರ ಫಿರಿಸ್ತಾ ಬರೆದ, ಮಸೀದಿಗಳ ಅಪಚಾರದ ದೂರುಗಳನ್ನು ಹಿಡಿದು ಇಡೀ ಮೈತ್ರಿಯನ್ನು ಧರ್ಮಯುದ್ಧವೆನ್ನುವವರು, ಆ ಅಪಚಾರ ನಡೆಯಿತೆನ್ನಲಾದ ದಂಡಯಾತ್ರೆಯಲ್ಲಿ ಅಲಿ ಆದಿಲ್ ಶಾಹನೇ ರಾಮರಾಯನ ಜೊತೆಗಾರನಾಗಿದ್ದನ್ನು ಮರೆಯುತ್ತಾರೆ. ಧರ್ಮಕ್ಕೆ ಯಾವ ಪಾತ್ರವೂ ಇರಲಿಲ್ಲವೆನ್ನುವವರು, ಪರಸ್ಪರ ನಂಬದ ಆಸ್ಥಾನಗಳು ಒಂದೆಡೆ ಕೂತು ಮಾತಾಡಲು ಸಮಾನವಾದ ನುಡಿಯೊಂದು ಬೇಕೆಂಬುದನ್ನು ಮರೆಯುತ್ತಾರೆ. ಧರ್ಮ ಆ ನುಡಿಯನ್ನು ಕೊಟ್ಟಿತು; ಸೊಲ್ಲಾಪುರ ನಂಬಿಕೆಯನ್ನು ಕೊಟ್ಟಿತು.

ಗೆದ್ದ ಮೇಲೆ ರಾಯಚೂರು, ಮುದಗಲ್ಲು ಕೋಟೆಗಳು ವಿಜಾಪುರಕ್ಕೆ ಸೇರಿದವು, ಕೆಲವೇ ವರ್ಷಗಳಲ್ಲಿ ವಿಜಾಪುರ-ಅಹಮದನಗರಗಳು ಮತ್ತೆ ಕಾದಾಡಿದವು. ಸಿವೆಲ್‌ನ ಸಂಗ್ರಹ ಇಂದಿಗೂ ಅಮೂಲ್ಯ. ಅದರ ಕಾರಣಮೀಮಾಂಸೆಯನ್ನು ಪಾಠದಂತೆ ಒಪ್ಪಿಸುವುದನ್ನು ಮಾತ್ರ ನಿಲ್ಲಿಸಬೇಕು, ಏಕೆಂದರೆ ಮಿತ್ರರ ಒಗ್ಗಟ್ಟು ವೈರಿಯ ದರ್ಪದಿಂದ ಹುಟ್ಟುವುದೆಂದು ನಂಬಿದವರಿಗೆ, ಅದನ್ನು ಉಳಿಸಿಕೊಳ್ಳಲು ಪ್ರತಿಯೊಬ್ಬರೂ ಏನನ್ನು ಬಿಟ್ಟುಕೊಡಬೇಕೆಂಬ ಪ್ರಶ್ನೆಯೇ ಹೊಳೆಯುವುದಿಲ್ಲ.