ಡಾಲ್ಡಾ ಡಬ್ಬಿಯ ಹುಣಿಸೆಹಣ್ಣು

ನಮ್ಮ ಅಡುಗೆಮನೆಯಲ್ಲಿ ಬೋರ್ನ್‌ವಿಟಾ ಡಬ್ಬಿಯಲ್ಲಿ ಮೆಂತ್ಯ, ಹಳೆಯ ಡಾಲ್ಡಾ ಡಬ್ಬಿಯಲ್ಲಿ ಹುಣಿಸೆಹಣ್ಣು. ನಾನು ಎರಡು ದಿನ ಊರಿಗೆ ಹೋದರೆ ಮನೆಯವರಿಗೆ ಸಾರಿಲ್ಲ. ಸಾಮಾನಿಲ್ಲದೆ ಅಲ್ಲ, ಎಲ್ಲಿದೆಯೆಂದು ತಿಳಿಯದೆ. ಪಾಠದ ವಿಡಿಯೋಗಳ ಬಗ್ಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಈ ಡಬ್ಬಿಗಳೇ.

ಪಾವಗಡದಲ್ಲಿರುವ ನನ್ನ ತಂಗಿಯ ಮಗಳು 2022ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದಳು. ಅವರ ಮನೆಮಾತು ತೆಲುಗು, ಓದು ಕನ್ನಡ. ಇನ್ನೊಮ್ಮೆ ಬರೆದು ಪಾಸಾಗದಿದ್ದರೆ ಗಂಡು ನೋಡೋಣವೆಂದು ಅಲ್ಲಿನ ಅಜ್ಜಿ ಆಗಲೇ ಅಂದಾಗಿತ್ತು. ಇದ್ದ ಒಂದೇ ಸ್ಮಾರ್ಟ್‌ಫೋನು ಹಗಲೆಲ್ಲ ಅಪ್ಪನ ಜೇಬಿನಲ್ಲಿ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇವಳ ಕೈಗೆ. ಅದರಲ್ಲಿ ಹುಡುಕಾಟಕ್ಕೇ ಇಪ್ಪತ್ತು ನಿಮಿಷ ಹೋದರೆ ಕಲಿಯುವುದು ಯಾವಾಗ?

ಪಾಠಗಳಿಗೇನೂ ಬರವಿಲ್ಲ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020-21ರಲ್ಲಿ ಶಿಕ್ಷಣ ಇಲಾಖೆಯ ‘ಸಂವೇದ’ ಪಾಠಮಾಲೆ ಚಂದನ ವಾಹಿನಿಯಲ್ಲಿ ಬಂತು, ಯೂಟ್ಯೂಬಿಗೂ ಸೇರಿತು. ಸಮಾಂತರ ಶ್ರೇಢಿಯ ಪಾಠಗಳನ್ನು ಕೂತು ನೋಡಿದೆ. ಅವಸರವಿಲ್ಲ, ಕನ್ನಡ ಚೆನ್ನಾಗಿದೆ. ನಮ್ಮ ಕಾಲದಲ್ಲಿ ಇದ್ದಿದ್ದರೆ ನಾನೂ ಗಣಿತಕ್ಕೆ ಅಷ್ಟು ಹೆದರುತ್ತಿರಲಿಲ್ಲವೇನೋ. ಆದರೆ ಶೀರ್ಷಿಕೆ ನೋಡಿ: ಮಾಲೆಯ ಹೆಸರು, ತರಗತಿ, ವಿಷಯ, ಅಧ್ಯಾಯ, ಎಷ್ಟನೆಯ ಭಾಗ, ಎಷ್ಟನೆಯ ದಿನ. ಅಧ್ಯಾಯದ ಕನ್ನಡ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ! ‘ಶ್ರೇಢಿ’ಯನ್ನು ಇಂಗ್ಲಿಷಿನಲ್ಲಿ ಬರೆಯಿರೆಂದು ಹತ್ತು ಜನರಿಗೆ ಹೇಳಿ, ಹತ್ತು ಬಗೆ ಬರೆಯುತ್ತಾರೆ. ಇನ್ನು ಆ ‘ದಿನ’ ಪ್ರಸಾರ ಮಾಡಿದವರ ಲೆಕ್ಕ. ಆಮೇಲೆ ಹುಡುಕುವ ಹುಡುಗಿಗೆ ಅದರಿಂದೇನು? ಅವಳಿಗೆ ಬೇಕಾದದ್ದು ಕೊನೆಯಿಂದ ಹನ್ನೊಂದನೆಯ ಪದ ಕಂಡುಹಿಡಿಯುವ ಬಗೆ. ಅಷ್ಟುದ್ದದ ಪಾಠದಲ್ಲಿ ಅದು ಎಲ್ಲಿದೆಯೆಂದು ಶೀರ್ಷಿಕೆ ಹೇಳುವುದಿಲ್ಲ.

2017ರಲ್ಲಿ ಶುರುವಾದ ಕೇಂದ್ರದ ‘ದೀಕ್ಷಾ’ ಈ ವಿಷಯದಲ್ಲಿ ಜಾಣ. ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡು. ಫೋನು ಹಿಡಿದರೆ ಅದಕ್ಕೆ ಸೇರಿದ ಪಾಠ. ಕ್ಯಾಮರಾ ಕೈಕೊಟ್ಟರೆ ಅಲ್ಲೇ ಇರುವ ಆರು ಅಕ್ಷರ-ಅಂಕಿ ಒತ್ತಿದರಾಯಿತು. ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಕಾಗುಣಿತದ ಗೊಡವೆಯೇ ಇಲ್ಲ. ಆದರೂ ಅದು ಬಿಡುವುದು ಪಾಠದ ಬಾಗಿಲಿಗೆ, ಲೆಕ್ಕದ ಹತ್ತಿರಕ್ಕಲ್ಲ.

ವಾಟ್ಸಾಪ್ ಗುಂಪುಗಳ ಮಾತು ಬಿಡಿ. ಶುಭೋದಯದ ಗುಲಾಬಿಗಳ ಕೆಳಗೆ ತ್ರಿಕೋನಮಿತಿ ಹೂತುಹೋಗಿರುತ್ತದೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ನಾಲ್ಕು ತಾಲ್ಲೂಕು, ನಾಲ್ಕರಲ್ಲೂ ನಮ್ಮವರಿದ್ದಾರೆ. ಮಧುಗಿರಿಯಲ್ಲಿ ನಾನು, ಶಿರಾದಲ್ಲಿ ನಾದಿನಿ, ಕೊರಟಗೆರೆಯಲ್ಲಿ ಗೆಳತಿ ಅಧ್ಯಾಯಗಳನ್ನು ಹಂಚಿಕೊಂಡೆವು. ಪಾಠ ನೋಡುವುದು, ಯಾವ ಲೆಕ್ಕ ಎಷ್ಟನೆಯ ನಿಮಿಷಕ್ಕೆ ಎಂದು ಹುಡುಗಿಯರು ಕೇಳುವ ಮಾತಿನಲ್ಲೇ ಬರೆಯುವುದು, ಲಿಂಕಿನ ಜೊತೆ ಪಾವಗಡಕ್ಕೆ ಕಳಿಸುವುದು. ಇಂಥ ಪಟ್ಟಿಗೆ ಯೂಟ್ಯೂಬಿನಲ್ಲಿ ವಿಡಿಯೋದ ಕೆಳಗೇ ಜಾಗವಿದೆ. ನಿಮಿಷ ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಅಷ್ಟು ಶ್ರಮಪಟ್ಟು ಪಾಠ ಮಾಡಿಸಿದವರು ಇದೊಂದನ್ನು ಯಾಕೆ ಬಿಟ್ಟರೋ! ಮೂವರು ಹೆಂಗಸರು ಮಧ್ಯಾಹ್ನದ ನಿದ್ದೆ ಬಿಟ್ಟು ಮಾಡುವಷ್ಟರ ಕೆಲಸ ಅದು.

ಮೊದಲ ವಾರವೇ ಪಾವಗಡದಿಂದ ಉತ್ತರ ಬಂತು: “ದೊಡ್ಡಮ್ಮ, ನೀವು ಬರೆದ ನಿಮಿಷ ತಪ್ಪು. ಆ ಲೆಕ್ಕ ಅದಕ್ಕಿಂತ ಮುಂಚೇನೇ ಶುರುವಾಗುತ್ತೆ. ತಿದ್ದಿದ್ದೀನಿ.”