ಹಾಡಿದವರು ನೀರು ಕೇಳಲಾರರು

ರಾಯಚೂರು ಜಿಲ್ಲೆಯ ಸಾಲಗುಂದದ ನಮ್ಮ ಸೋದರಮಾವನಿಗೆ ಲಕ್ವ ಹೊಡೆದು ಆಗ ಐದು ತಿಂಗಳಾಗಿತ್ತು. ಬಲಗೈ, ಬಲಗಾಲು ಬಿದ್ದಿದ್ದವು. ಬಾಯಿಂದ ಬರುತ್ತಿದ್ದುದು ‘ಅದಽ ಅದಽ’ ಎಂಬ ಒಂದೇ ಶಬ್ದ. ಊಟ ಬೇಕಾದರೂ ಅದಽ, ಸಾಕಾದರೂ ಅದಽ. ಒಂದು ಶನಿವಾರ ರಾತ್ರಿ ಇಬ್ಬರು ಹುಡುಗರು ಅವರನ್ನು ಹನುಮಪ್ಪನ ಗುಡಿಯ ಭಜನೆಗೆ ಎತ್ತಿಕೊಂಡು ಹೋಗಿ ಕಂಬಕ್ಕೆ ಒರಗಿಸಿ ಕೂರಿಸಿದರು. ಮೂವತ್ತು ವರ್ಷ ಅದೇ ಗುಡಿಯಲ್ಲಿ ತಾಳ ಹಾಕಿದ ಮನುಷ್ಯ. ಜಗನ್ನಾಥದಾಸರ ಪದವೊಂದು ಶುರುವಾಯಿತು. ಪಲ್ಲವಿ ಎರಡನೇ ಸಲ ತಿರುಗಿ ಬಂದಾಗ ಮಾವ ಹಾಡತೊಡಗಿದರು. ಗುನುಗಲಿಲ್ಲ, ಹಾಡಿದರು, ಮಾತು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಹಾರ್ಮೋನಿಯಂ ಬಾರಿಸುತ್ತಿದ್ದವರ ಕೈ ನಿಂತೇ ಹೋಯಿತು. ‘ಬಾಯಿ ಬಂತು ನೋಡ್ರಿ, ಹನುಮಪ್ಪ ಕಣ್ಣು ತೆರದ’ ಎಂದು ಯಾರೋ ಕೂಗಿದರು. ತೆಂಗಿನಕಾಯಿ ಒಡೆದರು.

ಮರುದಿನ ಬೆಳಿಗ್ಗೆ ಮಾವ ತಂಬಿಗೆಯ ಕಡೆ ಎಡಗೈ ಚಾಚಿ ‘ಅದಽ ಅದಽ’ ಎಂದರು. ಅತ್ತೆಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ‘ರಾತ್ರಿ ಅಷ್ಟೊತ್ತು ಹಾಡಿದ್ರಲ್ಲ, ನೀರು ಅನ್ನಾಕ ಬಾಯಿ ಬರವಲ್ದೇನು?’

ಲಕ್ವ ಹೊಡೆದವರ ಚೇತರಿಕೆಗೆ ಹಾಡು, ಕುಣಿತ, ನಾಟಕ ಎಂಬ ಮಾತು ಈಗ ವೈದ್ಯಕೀಯದಲ್ಲೂ ಕಲಾವಲಯದಲ್ಲೂ ಕೇಳಿಬರುತ್ತಿದೆ. ಅದರ ಬೆಲೆ ಕಟ್ಟುವವರು ಆ ರಾತ್ರಿಯನ್ನು ಮಾತ್ರ ನೋಡಿದರೆ ಸಾಲದು, ಆ ಬೆಳಗನ್ನೂ ನೋಡಬೇಕು.

ಮಾವನಿಗೆ ಆದದ್ದು ಪವಾಡವಲ್ಲ, ಹೊಸದೂ ಅಲ್ಲ. 1745ರಲ್ಲೇ ಸ್ವೀಡನ್ನಿನ ಓಲೋಫ್ ಡಾಲಿನ್ ಎಂಬಾತ ಇಂಥವನೊಬ್ಬನ ಬಗ್ಗೆ ಬರೆದಿಟ್ಟಿದ್ದಾನೆ. ಆ ಮನುಷ್ಯನಿಗೆ ಆಡುವ ಮಾತು ಹೋಗಿತ್ತು, ಆದರೆ ಚರ್ಚಿನಲ್ಲಿ ಕಲಿತ ಸ್ತುತಿಗಳನ್ನು ಹಾಡಬಲ್ಲವನಾಗಿದ್ದ. ಬಲಗೈಯವರಾದ ಬಹುತೇಕ ಮಂದಿಯಲ್ಲಿ ಮಾತಿನ ಹೊಣೆ ಮಿದುಳಿನ ಎಡಭಾಗದ್ದು. ಅಲ್ಲಿಗೆ ರಕ್ತ ನಿಂತರೆ ಬಲ ಮೈ ಬೀಳುವುದೂ ಮಾತು ನಿಲ್ಲುವುದೂ ಹಲವು ಸಲ ಜೊತೆಜೊತೆಗೇ ಆಗುತ್ತವೆ. ಈ ಮಾತು ನಿಲ್ಲುವ ತೊಂದರೆಗೆ ಅಫೇಸಿಯಾ ಎನ್ನುತ್ತಾರೆ. ರಾಗದ ಕೆಲಸದಲ್ಲಿ ಮಿದುಳಿನ ಬಲಭಾಗಕ್ಕೂ ದೊಡ್ಡ ಪಾಲಿದೆ, ಅದು ಉಳಿದಿರುತ್ತದೆ. ಸಾವಿರ ಸಲ ಹಾಡಿದ ಪದ ಬಾಯಿಪಾಠವಾಗಿ, ರಾಗದ ಬೆನ್ನು ಹತ್ತಿ ತಾನಾಗಿ ಹೊರಬರುತ್ತದೆ. ‘ನೀರು ಕೊಡು’ ಎನ್ನುವುದು ಹಾಗಲ್ಲ. ಅದನ್ನು ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. ಕಟ್ಟುವ ಮೇಸ್ತ್ರಿಯೇ ಬಿದ್ದಿದ್ದಾನೆ.

ಹಾಡಿನಿಂದ ಮಾತಿಗೆ ಸೇತುವೆ ಹಾಕಲು ಹೊರಟವರು ಬಾಸ್ಟನ್ನಿನ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್ ಮತ್ತು ನ್ಯಾನ್ಸಿ ಹೆಲ್ಮ್. 1973ರಲ್ಲಿ ಅವರು ಮುಂದಿಟ್ಟ ಕ್ರಮದಲ್ಲಿ ‘ನೀರು ಕೊಡು’ ಎಂಬಂಥ ದಿನಬಳಕೆಯ ಮಾತನ್ನು ಏರು, ಇಳಿ ಎಂಬ ಎರಡೇ ಸ್ವರದಲ್ಲಿ ಎಳೆದು ಹೇಳಿಸುತ್ತಾರೆ. ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯಿಂದ ಒಂದೊಂದು ತಟ್ಟು. ವಾರಗಟ್ಟಲೆ ಇದನ್ನೇ ಮಾಡಿಸಿ, ನಿಧಾನಕ್ಕೆ ರಾಗ ಕಳಚಿ, ಬರಿಯ ಮಾತು ಉಳಿಸುವುದು ಗುರಿ. ಎಲ್ಲರಿಗೂ ಇದು ಹಿಡಿಸದು. ಕೆಲವರಲ್ಲಿ ಚೆನ್ನಾಗಿ ಕೆಲಸ ಮಾಡಿದೆ. ಇಲ್ಲೊಂದು ಜಗಳವೂ ಇದೆ. 2011ರಲ್ಲಿ ಜರ್ಮನಿಯ ಬೆಂಜಮಿನ್ ಸ್ಟಾಲ್ ಮತ್ತು ಸಂಗಡಿಗರು 17 ರೋಗಿಗಳನ್ನು ಪರೀಕ್ಷಿಸಿ, ನಿಜವಾಗಿ ನೆರವಾಗುತ್ತಿರುವುದು ರಾಗವಲ್ಲ, ಲಯ ಮತ್ತು ಬಾಯಿಪಾಠದ ಮಾತು ಎಂದರು. ನನಗೆ ಈ ವಾದ ಹಿಡಿಸಿತು, ಪೂರ್ತಿ ಒಪ್ಪಿದ್ದೇನೆಂದಲ್ಲ. ಆದರೆ ನಮ್ಮ ಗುಡಿಯಲ್ಲಿ ಮಾವನನ್ನು ಎಬ್ಬಿಸಿದ್ದು ಯಾವುದು ಎಂದು ಯೋಚಿಸಿದಾಗ ಹಾರ್ಮೋನಿಯಂಗಿಂತ ಮೊದಲು ತಾಳವೇ ಕಿವಿಗೆ ಬರುತ್ತದೆ.

ಇದೆಲ್ಲ ಚಿಕಿತ್ಸೆಯ ಮಾತಾಯಿತು. ಇಂಗ್ಲೆಂಡಿನಲ್ಲಿ ರೊಸೆಟ್ಟಾ ಲೈಫ್ ಎಂಬ ಕಲಾಸಂಸ್ಥೆ ನಡೆಸುವ ‘ಸ್ಟ್ರೋಕ್ ಒಡಿಸ್ಸೀಸ್’ ಬೇರೆಯದೇ ಬಗೆಯದು. ಅಲ್ಲಿ ಲಕ್ವದಿಂದ ಎದ್ದವರು ಕಲಾವಿದರ ಜೊತೆ ಕೂತು ತಮ್ಮ ಹಾಡು, ಚಲನೆ, ಮಾತುಗಳನ್ನು ತಾವೇ ಹೆಣೆದು ಜನರ ಮುಂದೆ ಆಡಿ ತೋರಿಸುತ್ತಾರೆ. ಹೀಗೆ ಆಡಿದವರಲ್ಲಿ ಕೆಲವರು ಹೊಸಬರಿಗೆ ಜೊತೆಗಾರರಾಗಿ ನಿಲ್ಲುತ್ತಾರೆ. ಲಂಡನ್ನಿನ ಕಿಂಗ್ಸ್ ಕಾಲೇಜು ‘ಶೇಪರ್’ ಎಂಬ ದೊಡ್ಡ ಅಧ್ಯಯನಕ್ಕೆ ಆಯ್ದುಕೊಂಡ ಮೂರು ಕಾರ್ಯಕ್ರಮಗಳಲ್ಲಿ ಇದೊಂದು. ಉಳಿದವು ಬಾಣಂತಿಯರ ಖಿನ್ನತೆಗೆ ಹಾಡು, ಪಾರ್ಕಿನ್ಸನ್ ಕಾಯಿಲೆಯವರಿಗೆ ನೃತ್ಯ.

‘ಸ್ಟ್ರೋಕ್ ಒಡಿಸ್ಸೀಸ್’ನಲ್ಲಿ ನಾನು ಮೆಚ್ಚುವುದು ಒಂದನ್ನು. ಲಕ್ವ ಹೊಡೆದವನಿಗೆ ಎಲ್ಲರೂ ಏನಾದರೂ ಮಾಡುವವರೇ: ಮೀಯಿಸುವವರು, ತಿನ್ನಿಸುವವರು, ತಿಕ್ಕುವವರು, ಹೊರಳಿಸುವವರು. ಅವನು ತಾನಾಗಿ ಏನನ್ನೂ ಮಾಡುವ ಹಾಗಿಲ್ಲ. ರಂಗದ ಮೇಲೆ ಅವನು ಮಾಡುವವನಾಗುತ್ತಾನೆ, ನಾವು ಕೂತು ನೋಡುವವರಾಗುತ್ತೇವೆ. ಫಿಸಿಯೋಥೆರಪಿಯವರು ಎಷ್ಟೇ ಒಳ್ಳೆಯವರಿದ್ದರೂ ಇದನ್ನು ಕೊಡಲಾರರು. ಕೊರತೆಗಳೂ ಇವೆ. ಇಂಥ ಕೆಲಸಕ್ಕೆ ಅನುದಾನ ಬರುವುದು ಯೋಜನೆಯ ಹೆಸರಿನಲ್ಲಿ, ಯೋಜನೆ ಮುಗಿಯುತ್ತದೆ, ಲಕ್ವ ಮುಗಿಯುವುದಿಲ್ಲ. ಇನ್ನು ಫಲಿತಾಂಶ ಅಳೆಯಲು ಪ್ರಶ್ನಾವಳಿ ತುಂಬಿಸುತ್ತಾರೆ. ಮಾತೇ ಹೋದವನು ‘ನೀವು ಈ ವಾರ ಎಷ್ಟು ನೆಮ್ಮದಿಯಾಗಿದ್ದಿರಿ’ ಎಂಬುದಕ್ಕೆ ಏನೆಂದು ಹೇಳಬೇಕು? ಅದಽ ಅದಽ.

ಪುರಾವೆಯ ಮಾತು ಬಂದಾಗ ಉತ್ಸಾಹಿಗಳು ಸ್ವಲ್ಪ ತಾಳಿಕೊಳ್ಳಬೇಕು. 2008ರಲ್ಲಿ ಫಿನ್ಲೆಂಡಿನ ತೇಪ್ಪೊ ಸಾರ್ಕಾಮೊ ತಂಡ, ಲಕ್ವವಾದ ಹೊಸತರಲ್ಲಿ ಎರಡು ತಿಂಗಳು ದಿನಾ ತಮಗಿಷ್ಟದ ಸಂಗೀತ ಕೇಳಿದವರ ಮಾತಿನ ನೆನಪು ಉಳಿದವರಿಗಿಂತ ಚೆನ್ನಾಗಿ ಮರಳಿತೆಂದು ತೋರಿಸಿತು. ಅವರ ಮನಸ್ಸೂ ಕಡಿಮೆ ಕುಗ್ಗಿತ್ತು. ವೈದ್ಯಕೀಯ ಅಧ್ಯಯನಗಳನ್ನು ಪರಾಮರ್ಶಿಸುವ ಕಾಕ್ರೇನ್ ಬಳಗ 2017ರಲ್ಲಿ 29 ಪ್ರಯೋಗಗಳನ್ನು, 775 ರೋಗಿಗಳನ್ನು ಒಟ್ಟಿಗಿಟ್ಟು ತೂಗಿದಾಗ, ತಾಳಕ್ಕೆ ಹೆಜ್ಜೆ ಹಾಕಿಸುವುದರಿಂದ ನಡಿಗೆ ಸುಧಾರಿಸಬಹುದು ಎಂಬ ಮಾತು ನಿಂತಿತು. ಉಳಿದವು ಇನ್ನೂ ಗಟ್ಟಿಯಾಗಬೇಕಿವೆ. ಬಿ.ಪಿ.ಗೆ ಈ ರಾಗ, ಲಕ್ವಕ್ಕೆ ಆ ರಾಗ ಎಂದು ಪಟ್ಟಿ ಹಾಕಿ ಮಾರುವ ಪುಸ್ತಕಗಳೂ ವಿಡಿಯೋಗಳೂ ಈ ಸಾಲಿಗೆ ಸೇರುವುದಿಲ್ಲ. ಅವು ಸಂಗೀತಕ್ಕೂ ಅವಮಾನ, ರೋಗಿಗೂ ಮೋಸ.

ಇಂಗ್ಲೆಂಡಿನಿಂದ ಕಾರ್ಯಕ್ರಮ ತರಿಸಬೇಕೇ ಎಂದು ಕೇಳಿದರೆ, ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯವರು ನಗಬೇಕು. ಹಾಡಿಗೂ ವಾಸಿಗೂ ನಂಟು ಹಾಕುವುದು ನಮ್ಮಲ್ಲಿ ಎರಡೂವರೆ ಶತಮಾನದ ಕಥೆ. ಮಾನ್ವಿಯ ಜಗನ್ನಾಥದಾಸರು ಹೊಟ್ಟೆಬೇನೆಯಿಂದ ಬಳಲಿದಾಗ ಗುರು ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷ ಧಾರೆಯೆರೆದರು, ಧನ್ವಂತರಿಯನ್ನು ಪದ ಕಟ್ಟಿ ಬೇಡಿದರು ಎಂದು ನಮ್ಮ ಭಾಗದ ಜನ ನಂಬುತ್ತಾರೆ. ಇನ್ನೊಬ್ಬರು ಪಂಡಿತ ತಾರಾನಾಥರು (1891–1942). ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದವರು, ತುಂಗಭದ್ರಾ ತೀರದ ಪ್ರೇಮಾಯತನದಲ್ಲಿ ಆಯುರ್ವೇದ ಚಿಕಿತ್ಸೆ ಮಾಡಿದವರು, ‘ದೀನಬಂಧು ಕಬೀರ’ ನಾಟಕ ಬರೆದವರು. ಅವರ ಮಗನೇ ಸರೋದ್ ವಾದಕ ರಾಜೀವ ತಾರಾನಾಥ. ಔಷಧ, ಸಂಗೀತ, ನಾಟಕ ಮೂರೂ ಒಂದೇ ಮನೆಯಲ್ಲಿ ಕೂಡಿದ್ದ ಜಿಲ್ಲೆ ಇದು. ಈಗ ರಾಯಚೂರಿನ ರಂಗಮಂದಿರದವರಿಗೂ ಮೆಡಿಕಲ್ ಕಾಲೇಜಿನವರಿಗೂ ಈ ವಿಷಯದಲ್ಲಿ ಮಾತುಕತೆಯಾದದ್ದನ್ನು ನಾನು ಕೇಳಿಲ್ಲ.

ಹಾಗೆಂದು ನಮ್ಮ ಭಜನೆಯನ್ನು ಇದ್ದಂತೆಯೇ ಹೊಗಳಿ ಮುಗಿಸುವುದೂ ಸೋಗಲಾಡಿತನ. ಅದರ ಒಳ್ಳೆಯ ಗುಣ ಎದ್ದು ಕಾಣುತ್ತದೆ. ವಾರಕ್ಕೊಮ್ಮೆ ತಪ್ಪದೆ ನಡೆಯುತ್ತದೆ, ಪುಕ್ಕಟೆ, ಮನೆಯಿಂದ ನೂರು ಹೆಜ್ಜೆ. ಒಬ್ಬರು ಹೇಳಿದ್ದನ್ನು ಹಿಮ್ಮೇಳದವರು ತಿರುಗಿ ಹೇಳುತ್ತಾರೆ. ಮಾತು ಕಲಿಸುವ ತಜ್ಞರು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ. ತಪ್ಪಿದರೆ ಗುಂಪಿನ ದನಿ ಮುಚ್ಚಿಕೊಳ್ಳುತ್ತದೆ, ನಾಚಿಕೆಯಿಲ್ಲ. ಆದರೆ ಲಕ್ವ ಹೊಡೆದವನ ಕಣ್ಣಿಂದ ನೋಡಿದರೆ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಅವನಿಂದಾಗದು. ತಾಳಕ್ಕೆ ಎರಡು ಕೈ ಬೇಕು, ಅವನಿಗೆ ಒಂದೇ. ಪದ ಮುಂದೆ ಹೋದಂತೆ ಲಯ ಏರುತ್ತದೆ, ಕೊನೆಗೆ ಓಟವೇ. ಮೊದಲ ಎರಡು ಸುತ್ತಿಗೆ ಜೊತೆಯಾದವನು ಮೂರನೆಯದಕ್ಕೆ ಹಿಂದೆ ಬಿದ್ದು ಬಾಯಿ ಮುಚ್ಚುತ್ತಾನೆ. ಧ್ವನಿವರ್ಧಕ ಬೇರೆ. ಇನ್ನು ಹೆಂಗಸಿಗೆ ಲಕ್ವ ಹೊಡೆದರೆ ಅವಳನ್ನು ಯಾರೂ ಗುಡಿಗೆ ಎತ್ತಿಕೊಂಡು ಹೋಗಿ ಕೂರಿಸುವುದಿಲ್ಲ. ಬೀಸುವ ಪದ, ಸೋಬಾನೆ ಹೊಟ್ಟೆ ತುಂಬ ಇದ್ದವಳು ಒಳಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿರುತ್ತಾಳೆ.

ಇವುಗಳಲ್ಲಿ ಒಂದನ್ನು ನಾವು ಸರಿಮಾಡಲು ನೋಡಿದೆವು. ಮಾವನ ಎಡಗೈಗೆ ಚಿಟಿಕೆ ಕೊಟ್ಟೆವು. ದಾಸರ ಚಿತ್ರಗಳಲ್ಲಿ ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ ಇರುತ್ತದಲ್ಲ, ಅದೇ. ಒಂದೇ ಕೈಯಲ್ಲಿ ನುಡಿಸುವ ವಾದ್ಯ. ಬಾಸ್ಟನ್ನಿನವರು ಎಡಗೈಯಿಂದ ಅಕ್ಷರಕ್ಕೊಂದು ತಟ್ಟು ಹಾಕಿಸಿದ್ದು ನೆನಪಾಗಿ ಹೊಳೆದ ಉಪಾಯವಿದು, ಯಾವ ತಜ್ಞರೂ ಹೇಳಿದ್ದಲ್ಲ. ಮೊದಲ ದಿನ ಚಿಟಿಕೆ ಜಾರಿ ಬಿತ್ತು. ಬೆರಳಿಗೆ ದಾರ ಸುತ್ತಿದೆವು. ಹದಿನೈದು ದಿನಕ್ಕೆ ಕೈ ಕೂತಿತು. ಆಮೇಲೆ ಮನೆಯಲ್ಲಿ ಅತ್ತೆ ಭಜನೆಯ ಧಾಟಿಯಲ್ಲೇ ‘ನೀ-ರು-ಕೊ-ಡು’ ಎಂದು ಎಳೆಯುವುದು, ಮಾವ ಚಿಟಿಕೆ ಹಾಕುತ್ತ ಬಾಯಿ ಕೂಡಿಸುವುದು. ಓಣಿಯವರು ನಕ್ಕರು. ನಗಲಿ.

ಕಾಲಿಗೆ ಇನ್ನೂ ಒಳ್ಳೆಯ ಗುರು ನಮ್ಮಲ್ಲೇ ಇದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ಅಲಾಯಿ ಹೆಜ್ಜೆಯ ಸೊಗಸು ಗೊತ್ತು. ಜಾತಿ ಧರ್ಮ ಕೇಳದೆ ಜನ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಕಾಲೆತ್ತಿ ಇಡುತ್ತಾರೆ. ಪೆಟ್ಟು ಕಾಲಿಗಿಂತ ಒಂದು ಎಳೆ ಮೊದಲು ಬಂದು ಕಾಲನ್ನು ಕರೆಯುತ್ತದೆ. ಆಸ್ಪತ್ರೆಗಳಲ್ಲಿ ಮೆಟ್ರೊನೋಮಿನ ಟಿಕ್‌ ಟಿಕ್ ಮಾಡುವ ಕೆಲಸವೂ ಇದೇ. ಆ ಗದ್ದಲದಲ್ಲಿ ಕೋಲೂರುವವನನ್ನು ಬಿಟ್ಟರೆ ಬಿದ್ದು ಚಪ್ಪೆ ಮುರಿದುಕೊಳ್ಳುತ್ತಾನೆ, ಅದು ಬೇಡ. ಅದೇ ಹಲಗೆಯನ್ನು ಅಂಗಳದಲ್ಲಿ, ಅರ್ಧ ವೇಗದಲ್ಲಿ, ಪಕ್ಕಕ್ಕೊಬ್ಬ ಆಳು ನಿಂತು, ದಿನಕ್ಕೆ ಹತ್ತು ನಿಮಿಷ ಬಾರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಫಿಸಿಯೋಥೆರಪಿಯವರನ್ನು ಒಂದು ಮಾತು ಕೇಳಿಕೊಂಡರೆ ಸಾಕು.

ನಾಟಕದ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ನಮ್ಮ ಜಾತ್ರೆಯ ನಾಟಕಗಳಲ್ಲಿ ಕುಂಟುವವನು, ತೊದಲುವವನು ಬರುವುದು ಹಾಸ್ಯಕ್ಕೇ. ಬಾಯಿ ಸೊಟ್ಟ ಮಾಡಿ, ಕೈ ಮಡಚಿ ನಡೆದು ಚಪ್ಪಾಳೆ ಗಿಟ್ಟಿಸಿದ ನಟರನ್ನು ನಾನೇ ಎಷ್ಟೋ ಸಲ ನೋಡಿ ನಕ್ಕಿದ್ದೇನೆ. ಮಾವನ ಪಕ್ಕ ಕೂತು ನೋಡಿದ ದಿನ ನಗು ಗಂಟಲಲ್ಲೇ ನಿಂತಿತು. ಅವರು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಲಕ್ವ ಹೊಡೆದವರನ್ನು ರಂಗಕ್ಕೆ ಹತ್ತಿಸುವ ಮೊದಲು ರಂಗದ ಈ ಚಾಳಿ ಇಳಿಯಬೇಕು.

ಸರ್ಕಾರದ ಕಡೆ ನೋಡೋಣವೆಂದರೆ, 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗದ ಜೊತೆ ಪಾರ್ಶ್ವವಾಯುವೂ ಇತ್ತು. ಅದರ ಬಲವೆಲ್ಲ ಬಿ.ಪಿ., ಸಕ್ಕರೆ ಪರೀಕ್ಷೆಯಲ್ಲಿ. ಅದು ಬೇಕೇ ಬೇಕು. 2022ರಲ್ಲಿ ನಿಮ್ಹಾನ್ಸ್ ಜೊತೆ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವೂ ಒಳ್ಳೆಯ ಹೆಜ್ಜೆ. ಆದರೆ ಮಾತು ಹೋದವನಿಗೆ ಮಾತು ಕಲಿಸುವವರು ಬೇಕೆಂದರೆ ಸಾಲಗುಂದದವರು ಈಗಲೂ ರಾಯಚೂರಿನ ಬಸ್ಸು ಹತ್ತಬೇಕು, ಇಲ್ಲವೇ ರಾಜ್ಯದ ಆ ತುದಿಗಿರುವ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ. ವಾರಕ್ಕೆ ಮೂರು ಸಲ ಯಾರು ಹೋಗುತ್ತಾರೆ?

ನಮ್ಮದೂ ತಪ್ಪಿದೆ. ಮಾವನ ಬಾಯಿ ಸೊಟ್ಟಾದ ದಿನ ಮೊದಲ ಐದಾರು ತಾಸು ಎಣ್ಣೆ ತಿಕ್ಕುವವರ ಹತ್ತಿರ, ಪಾರಿವಾಳದ ರಕ್ತ ಹಚ್ಚಿಸುವುದರಲ್ಲಿ ಕಳೆದೆವು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ತಾಸು. ಚಿಟಿಕೆ ಆಮೇಲಿನದು, ಗುಳಿಗೆಯ ಜಾಗಕ್ಕೂ ಅದು ಬರುವಂಥದ್ದಲ್ಲ. ಆ ರಾತ್ರಿ ಕಾಯಿ ಒಡೆದವರೇ ಒಬ್ಬರು ‘ಇನ್ನ ಗುಳಿಗಿ ಯಾಕ ಬೇಕ್ರಿ’ ಎಂದಿದ್ದರು. ಅತ್ತೆ ಕೇಳಲಿಲ್ಲ, ಪುಣ್ಯ.

ಈಗ ವರ್ಷ ದಾಟಿದೆ. ಮಾವನಿಗೆ ‘ನೀರು’, ‘ಸಾಕು’, ‘ಬ್ಯಾಡ’ ಎಂಬ ಮೂರು ಮಾತು ಚಿಟಿಕೆ ಹಿಡಿದರೆ ಬರುತ್ತವೆ, ಹಿಡಿಯದಿದ್ದರೆ ಒಮ್ಮೊಮ್ಮೆ. ಹನುಮಪ್ಪನ ಗುಡಿಯವರು ಕಂಬದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ, ಮೊದಲ ಪದವನ್ನು ಕೊನೆತನಕ ನಿಧಾನ ಲಯದಲ್ಲೇ ಹಾಡುತ್ತಾರೆ. ನಿಮ್ಮೂರ ಭಜನಾ ಮಂಡಳಿಯವರೂ ಇಷ್ಟು ಮಾಡಿ ನೋಡಿ. ಎರಡು ಕುರ್ಚಿ ಹಾಕಿ, ಒಂದು ಹೆಂಗಸರ ಕಡೆ.