ರೆಪ್ಪೆಯಿಂದ ಬರೆದ ಗ್ರಂಥ
ಫ್ರೆಂಚ್ ಪತ್ರಿಕಾಸಂಪಾದಕನಾದ ಜಾನ್ ದೊಮಿನಿಕ್ ಬೋಬಿಯು 1995ರಲ್ಲಿ ಮಿದುಳಿನ ಆಘಾತದಿಂದ ಮಾತನ್ನೂ ಚಲನೆಯನ್ನೂ ಕಳೆದುಕೊಂಡನು. ಸಹಾಯಕಿಯು ಅಕ್ಷರಮಾಲೆಯನ್ನು ಓದುತ್ತಿರಲು, ಬೇಕಾದ ಅಕ್ಷರಕ್ಕೆ ಎಡಗಣ್ಣಿನ ರೆಪ್ಪೆ ಮಿಟುಕಿಸಿ ಆತನು ಬರೆಯಿಸಿದ ಆತ್ಮಕಥನವು 1997ರಲ್ಲಿ ಪ್ರಕಟವಾಯಿತು. ಇದನ್ನು ಏಕಾಕಿಯ ಸಾಹಸವೆಂದು ಕೊಂಡಾಡುವುದು ವಾಡಿಕೆ. ಗ್ರಂಥವೇ ಈ ಮತವನ್ನು ಒಪ್ಪದು. ಅಕ್ಷರಮಾಲೆಯನ್ನು ಕುರಿತ ಅಧ್ಯಾಯದಲ್ಲಿ ಗ್ರಂಥಕರ್ತನು ತನ್ನನ್ನು ನೋಡಬಂದವರ ಸ್ವಭಾವವನ್ನು ಅವರು ಅಕ್ಷರ ಹಿಡಿಯುವ ರೀತಿಯಿಂದಲೇ ಅಳೆಯುತ್ತಾನೆ: ಆತುರದವರು ಬೇಗನೆ ಎಡವುವರು, ಒಂದೊಂದಕ್ಷರವನ್ನೂ ಗುರುತಿಸಿಕೊಳ್ಳುವವರು ತಪ್ಪುವುದಿಲ್ಲ. ಆದುದರಿಂದ ಕೇಳುವವರ ಅಭ್ಯಾಸವೂ ಮಾತಿನ ಅಂಗವೆಂಬುದು ಸಿದ್ಧ. ಆ ಅಭ್ಯಾಸವನ್ನು ಅದೇ ಹಾದಿ ಸವೆಸಿದವರಿಗಿಂತ ಚೆನ್ನಾಗಿ ಕಲಿಸಬಲ್ಲವರಾರು? ಬೋಬಿಯು ತನ್ನಂತಹ ರೋಗಿಗಳಿಗಾಗಿ ಅದೇ ವರ್ಷ ಸಂಘವೊಂದನ್ನು ಸ್ಥಾಪಿಸಿದುದು ಗ್ರಂಥಕ್ಕೆ ತಕ್ಕ ಉಪಸಂಹಾರವಾಗಿದೆ. ಉಪಕರಣಗಳಿಗೆ ದ್ರವ್ಯವನ್ನೊದಗಿಸುವವರು ಇಂತಹ ಸಹವರ್ತಿಗಳ ಬೋಧನೆಗೂ ಒದಗಿಸಬೇಕು. ಓದಬಲ್ಲವರಿಲ್ಲದ ಲಿಪಿಯಿಂದ ಪ್ರಯೋಜನವಿಲ್ಲ.